ತಂಬಿನ ಹಿಂದೆ ಕಲಿತ ಪಾರ್ಟು

ಯಾದಗಿರಿ ಕ್ಯಾಂಪಿನ ಕೊನೆಯ ಆಟ ಮುಗಿದ ಮರುದಿನ ಬೆಳಿಗ್ಗೆ ನಮ್ಮ ನಾಟಕ ಕಂಪನಿಯ ನಾಯಕಿ ಪರಾರಿಯಾದಳು. ನಾಯಕಿ ಎಂದರೆ ಹೆಂಗಸಲ್ಲ, ಸೀರೆ ಉಟ್ಟು ಸ್ತ್ರೀಪಾರ್ಟು ಮಾಡುತ್ತಿದ್ದ ಗಂಡಸು. ದಿನಕ್ಕೆರಡು ಸಲ ಕ್ಷೌರ ಮಾಡಿಕೊಂಡರೂ ಎರಡನೆಯ ಅಂಕಕ್ಕೆ ಗಲ್ಲ ಹಸಿರಾಗುತ್ತಿದ್ದ ಮನುಷ್ಯ. ಸೊಲ್ಲಾಪುರದ ಕಡೆಯ ಬೇರೊಂದು ಕಂಪನಿ ಕರೆದಿತ್ತಂತೆ. ಹೇಳದೆ ಕೇಳದೆ ಟ್ರಂಕು ಹೊತ್ತುಕೊಂಡು ಹೋಗಿ ರೈಲು ಹತ್ತಿಬಿಟ್ಟಿದ್ದ.

ಎಂಟನೆಯ ದಿನಕ್ಕೆ ಸುರಪುರದಲ್ಲಿ ಮೊದಲ ಆಟವಿತ್ತು. ಹ್ಯಾಂಡ್‌ಬಿಲ್ಲು ಅಚ್ಚಾಗಿ ಬಂದಿದ್ದವು. ಮಾಲಕರು ಮಡಿಚಿ ಕಟ್ಟಿದ ತಂಬಿನ ಮೇಲೆ ಕೂತು ತಲೆಯ ಮೇಲೆ ಕೈ ಹೊತ್ತಿದ್ದರು. ಗದಗಿನಲ್ಲಿ ಇನ್ನೊಬ್ಬ ಸ್ತ್ರೀಪಾರ್ಟಿನವನಿದ್ದಾನೆ, ಅವನಿಗೆ ಕಾಗದ ಬರಿ ಎಂದು ಪ್ರಾಂಪ್ಟರಿಗೆ ಹೇಳಿದರು. ಕಾಗದ ಹೋಗಿ ಮನುಷ್ಯ ಬರುವುದಕ್ಕೆ ಏನಿಲ್ಲವೆಂದರೂ ಹನ್ನೆರಡು ದಿನ. ಅಲ್ಲಿಯವರೆಗೆ ತಂಬು ಬಿಚ್ಚಿ ಕೂತರೆ ಸುರಪುರದ ಮಂದಿ ಸುಮ್ಮನೆ ಬಿಡುತ್ತಾರೆಯೇ? ಆಗಿನ ಕಾಲವೇ ಹಾಗಿತ್ತು. ಪೊಲೀಸ್ ಆ್ಯಕ್ಷನ್ ಆಗಿ, ನಿಜಾಮರ ಆಡಳಿತ ಹೋಗಿ ಎರಡು-ಮೂರು ವರ್ಷ ಕಳೆದಿತ್ತು. ಮೊದಲೆಲ್ಲ ಕನ್ನಡ ನಾಟಕದ ಪರವಾನಗಿಗೆಂದು ಕಚೇರಿಯ ಕಟ್ಟೆಯ ಮೇಲೆ ವಾರಗಟ್ಟಲೆ ಕೂರಬೇಕಿತ್ತಂತೆ. ಈಗ ಕೇಳಿದ ಮರುದಿನವೇ ಪರವಾನಗಿ. ಜನ ನಾಟಕಕ್ಕೆ ಹಸಿದು ಕೂತಿದ್ದರು, ನಾವೂ ಆಡಲು ಹಸಿದಿದ್ದೆವು.

ನನಗಾಗ ಹತ್ತೊಂಬತ್ತು. ಕಂಪನಿ ಸೇರಿ ವರ್ಷವಾಗಿತ್ತು. ನನ್ನ ಕೆಲಸ ಪಡದೆಯ ಮುಂದಿನದು. ಒಳಗೆ ಅರಮನೆ ಕಿತ್ತು ಅಡವಿ ನಿಲ್ಲಿಸುವವರೆಗೆ ನಾನು ಮುಂದಿನ ಪಡದೆಯ ಎದುರು ಬಂದು ಕುಣಿದು, ಹಾಸ್ಯದ ಹಾಡು ಹಾಡಿ, ಮಂದಿಯನ್ನು ನಗಿಸಿ ಹಿಡಿದಿಡಬೇಕು. ಒಳಗಿನಿಂದ ಮೊಳೆ ಹೊಡೆಯುವ ಸದ್ದು ನಿಂತಿತೆಂದರೆ ನನ್ನ ಹಾಡು ಅರ್ಧಕ್ಕಿದ್ದರೂ ಕೈಮುಗಿದು ಒಳಗೆ ಓಡಬೇಕು. ಆ ಬೆಳಿಗ್ಗೆ ಎಲ್ಲರೂ ಮುಖ ಹುಳ್ಳಗೆ ಮಾಡಿಕೊಂಡು ನಿಂತಿದ್ದಾಗ ನಾನು ಮುಂದೆ ಹೋಗಿ ಹೇಳಿಯೇಬಿಟ್ಟೆ.

"ಮಾಲಕರ, ಆ ಪಾರ್ಟ ನನಗ ಬರ್ತದ್ರಿ."

ಮಾಲಕರು ತಲೆ ಎತ್ತಲಿಲ್ಲ. "ಯಾ ಪಾರ್ಟ?"

"ಓಡಿ ಹೋದಾವಂದು. ಮಾತು, ಹಾಡು, ಎಲ್ಲಾ ಬರ್ತದ್ರಿ."

"ಏ ಹುಡುಗಿ, ಓದಾಕ ಬರೂದಿಲ್ಲ ನಿನಗ. ಯಾರು ಹೇಳಿಕೊಟ್ರು?"

"ಯಾರೂ ಇಲ್ರಿ. ಕಿವೀಲೆ ಕಲ್ತೀನಿ."

"ಹೇಳು ನೋಡೋಣು" ಎಂದರು ಪ್ರಾಂಪ್ಟರು, ಬುಕ್ಕು ತೆರೆದುಕೊಂಡು.

ನಾಟಕ ಒಂದು ಸಂಸಾರದ ಕಥೆ. ಗಂಡ ದೂರದ ಊರಿಗೆ ಹೋದಾಗ ತಂಗಿಯೊಬ್ಬಳು ತವರಿಗೆ ಬರುತ್ತಾಳೆ, ಅಣ್ಣ ಅವಳನ್ನು ಹೊರಗೆ ಹಾಕುತ್ತಾನೆ. ಮುಚ್ಚಿದ ಬಾಗಿಲ ಮುಂದೆ ಅವಳು ಹಾಡುವ ಹಾಡೇ ಇಡೀ ಆಟದ ಜೀವ. ನಾನು ಎದೆ ಸೆಟೆಸಿ ನಿಂತು ಮೊದಲ ಮಾತು ಎತ್ತಿಕೊಂಡೆ. ಒಂದಕ್ಷರ ತಪ್ಪದೆ ಹರಿಯಿತು. ಪ್ರಾಂಪ್ಟರ ಬೆರಳು ಸಾಲಿನ ಮೇಲೆ ಓಡುತ್ತಿತ್ತು, ಮಾಲಕರು ತಲೆಯ ಮೇಲಿನ ಕೈ ತೆಗೆದರು. ನಾನು ಇನ್ನೂ ಉಬ್ಬಿ, ಕಣ್ಣಲ್ಲಿ ನೀರು ತಂದುಕೊಂಡು ಹೇಳಿದೆ: "ಅಣ್ಣಾ, ನಾನೇನು ತಪ್ಪು ಮಾಡಿದೆ ಎಂದು ಸೆರಗು ಕಣ್ಣಿಗೊತ್ತಿಕೊಂಡು ಎರಡು ಹೆಜ್ಜೆ ಬಲಕ್ಕೆ ಸರಿಯುವಳು!"

ಪ್ರಾಂಪ್ಟರು ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟರು. "ಯಪ್ಪಾ, ನನ್ನ ಪಾರ್ಟೂ ಇಕಿನ ಮಾಡ್ಲಾಕ ಹತ್ಯಾಳ!"

ತಪ್ಪು ಹೇಗಾಯಿತೆಂದು ಹೇಳುತ್ತೇನೆ. ನಮ್ಮದು ವನದುರ್ಗದ ಹತ್ತಿರದ ಒಂದು ಹಳ್ಳಿಯ ಕೇರಿ, ಊರ ಹೊರಗಿನದು. ನಮ್ಮನ್ನು ಮುಟ್ಟಿಸಿಕೊಳ್ಳುತ್ತಿರಲಿಲ್ಲ. ಶಹಾಪುರಕ್ಕೋ ಸುರಪುರಕ್ಕೋ ನಾಟಕ ಬಂದರೆ ಕೇರಿಯವರು ನಡೆದುಕೊಂಡು ಹೋಗುತ್ತಿದ್ದೆವು. ಆದರೆ ತಂಬಿನೊಳಗೆ ಬಿಡುತ್ತಿರಲಿಲ್ಲ. ರಂಗದ ಹಿಂಭಾಗದಲ್ಲಿ, ತಂಬಿನ ಬಟ್ಟೆಯ ಆಚೆ ನೆಲದ ಮೇಲೆ ಕೂರುತ್ತಿದ್ದೆವು. ಅಲ್ಲಿಂದ ಕಾಣುವುದು ಏನೂ ಇಲ್ಲ, ಕೇಳುವುದು ಎಲ್ಲಾ. ವಿಂಗಿನಲ್ಲಿ, ಎಂದರೆ ರಂಗದ ಪಕ್ಕದ ಮರೆಯಲ್ಲಿ, ಬುಕ್ಕು ಹಿಡಿದು ಕೂತ ಪ್ರಾಂಪ್ಟರ ದನಿ ಮೊದಲು ಬರುವುದು, ಮಾತನ್ನೂ ನಡೆಯ ಸೂಚನೆಯನ್ನೂ ಒಂದೇ ಉಸಿರಿಗೆ ಓದುತ್ತ; ಅದರ ಬೆನ್ನಿಗೆ ಪಾರ್ಟುದಾರರ ದನಿ. ನನಗೆ ಎಲ್ಲ ನಾಟಕವೂ ಹೀಗೆ ಎರಡೆರಡು ಸಲ ಕಿವಿಗೆ ಬಿದ್ದು ಬಾಯಿಪಾಠವಾದದ್ದು. ಕಂಪನಿ ಸೇರಿದ ಮೇಲೂ ನನ್ನ ಜಾಗ ಹಿಂದೆಯೇ ಉಳಿಯಿತು. ವಿಂಗಿನಲ್ಲಿ ದೇವರ ಫೋಟೋ ಇತ್ತು, ದೀಪ ಇತ್ತು. ಅಲ್ಲಿ ನಿಂತು ಆಟ ನೋಡಲು ನನಗೆ ಅಪ್ಪಣೆ ಇರಲಿಲ್ಲ. ನನ್ನ ತಾಟೂ ಬೇರೆ, ಅದನ್ನು ಬೇರೆ ಹೇಳಬೇಕಾಗಿಲ್ಲ.

ಮಾಲಕರು ನಗಲಿಲ್ಲ. "ಸರಿಯುವಳು, ಹೋಗುವಳು ಎಲ್ಲಾ ಬಿಟ್ಟು ಬರೇ ಮಾತು ಹೇಳಾಕ ಬರ್ತದೇನು?" ಎಂದು ಕೇಳಿದರು.

"ಬರ್ತದ್ರಿ."

"ಗದಗಿನ ಕಾಗದ ಹೋಗೇ ಹೋಗ್ತದ. ಸುರಪುರದ ಮೊದಲ ಆಟ ನೀ ಮಾಡು. ಮಂದಿ ಒಪ್ಪಿದ್ರ ಅವಗ ಬರಬ್ಯಾಡ ಅಂತ ಬರಸ್ತೀನಿ. ಒಪ್ಪಲಿಲ್ಲ, ನೀ ಮತ್ತ ಪಡದಿ ಮುಂದ."

ಒಂದೇ ಒಂದು ಆಟ! ನಾನು ಆಗಲೇ ಗೆದ್ದವಳ ಹಾಗೆ ತಂಬಿನ ಹಗ್ಗಗಳ ಮೇಲೆ ಹಾರಿಕೊಂಡು ಹೋದೆ. ನಮ್ಮ ಕೇರಿಯ ಹೆಣ್ಣುಮಗಳೊಬ್ಬಳು ಕಂಪನಿ ನಾಟಕದಲ್ಲಿ ನಾಯಕಿಯಾಗಿ ನಿಂತದ್ದನ್ನು ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ, ಕೇಳಿರಲೂ ಇಲ್ಲ.

ಸಾಮಾನೆಲ್ಲ ಬಂಡಿಗಳ ಮೇಲೆ ಹೇರಿ ಭೀಮೆ ದಾಟಿ ಶಹಾಪುರಕ್ಕೆ ಬಂದೆವು. ಅಲ್ಲಿಯ ಧರ್ಮಶಾಲೆಯಲ್ಲಿ ಮೂರು ದಿನ ಮುಕ್ಕಾಂ ಮಾಡಿ ತಾಲೀಮು ಮಾಡುವುದೆಂದಾಯಿತು. ಹಿಂದಿನ ಅಂಗಳದಲ್ಲಿ ಪ್ರಾಂಪ್ಟರು ಸುಣ್ಣದಿಂದ ರಂಗದ ಅಳತೆ ಬರೆದರು. ಇಲ್ಲಿ ಬಾಗಿಲು, ಇಲ್ಲಿ ಕಟ್ಟೆ, ಇಲ್ಲಿ ಎರಡು ಗ್ಯಾಸ್‌ಬತ್ತಿ. ಬತ್ತಿಗಳ ನಡುವಿನ ಒಂದು ಮೊಳ ಜಾಗದಲ್ಲೇ ನಿಲ್ಲಬೇಕು. ಅದು ಬಿಟ್ಟರೆ ಅರ್ಧ ಮುಖ ಕತ್ತಲಾಗುತ್ತದೆ. ಮಾತನ್ನು ಮುಂದಿನ ಚಾಪೆಗೆ ಹೇಳಕೂಡದು, ತಂಬಿನ ಕೊನೆಯ ಕಂಬಕ್ಕೆ ಹೇಳಬೇಕು. ಮೈಕು ಗಿಯ್ಕು ಆಗ ಎಲ್ಲಿಯದು? ಸಾಲಿನ ಕೊನೆಯ ಪದವನ್ನು ನುಂಗದೆ ಎತ್ತಿ ಎಸೆದರೆ ಮಾತ್ರ ಕಂಬ ಮುಟ್ಟುತ್ತದೆ.

ಮೊದಲ ದಿನ ನನಗೆ ಬಂದ ಬೈಗುಳವೆಲ್ಲ ಒಂದೇ ವಿಷಯಕ್ಕೆ. ಮಾತು ಸರಿಯಿರುತ್ತಿತ್ತು. ಹಾಡು ಶುರುವಾಯಿತೋ, ನಾನು ನನಗೇ ಗೊತ್ತಿಲ್ಲದೆ ಹಿಂದಕ್ಕೆ ತಿರುಗಿಬಿಡುತ್ತಿದ್ದೆ. ಮುಂದಿನವರಿಗೆ ಬೆನ್ನು, ಹಿಂದಿನ ಪಡದೆಗೆ ಮುಖ. ನನ್ನ ಲೆಕ್ಕದಲ್ಲಿ ನಾಟಕ ಕೇಳುವವರು ಕೂರುವುದು ಆ ಕಡೆ. ಪ್ರಾಂಪ್ಟರು ಒಂದು ಜೋಳದ ದಂಟು ಹಿಡಿದು ಕೂತರು. ನಾನು ತಿರುಗಿದಾಗೊಮ್ಮೆ ಮೊಣಕಾಲಿಗೆ ಮೆಲ್ಲಗೆ ತಾಗಿಸುವುದು, "ಮಾರಿ ಈ ಕಡಿ" ಎನ್ನುವುದು. ಸಂಜೆಯೊಳಗೆ ನನ್ನ ಮೊಣಕಾಲು ಕೆಂಪಾಗಿತ್ತು, ಮುಖ ಮಾತ್ರ ಮುಂದಕ್ಕೇ ನಿಂತಿತ್ತು.

ಎರಡನೆಯ ದಿನ ಪಟ್ಟಿಯ ಗೋಳು. ಪಟ್ಟಿ ಎಂದರೆ ಹಾಡುವವರು ಪೇಟಿಯಲ್ಲಿ, ಅಂದರೆ ಹಾರ್ಮೋನಿಯಂನಲ್ಲಿ, ತಮ್ಮ ಷಡ್ಜವೆಂದು ಹಿಡಿಯುವ ಸ್ವರ. ಓಡಿಹೋದವನ ಹಾಡೆಲ್ಲ ಕರಿ ಒಂದರಲ್ಲಿ, ಪೇಟಿಯ ಮೊದಲ ಕಪ್ಪು ಕೀಲಿಯ ಮನೆಯಲ್ಲಿ, ಕಟ್ಟಿದ್ದವು, ಅದು ಗಂಡಸಿನ ಕಂಠದ ಅಳತೆ. ನಾನು ಅದೇ ಪಟ್ಟಿಯಲ್ಲಿ ಹಾಡಹೋದರೆ ಕೆಳಗಿನ ಸ್ವರ ಬರೀ ಗಾಳಿಯಾಗುತ್ತಿತ್ತು, ಮೇಲಿನದು ಕಿರಚಾಟ. ಪೇಟಿ ಮಾಸ್ತರರು ಗುಲ್ಬರ್ಗಾ ಕಡೆಯ ವಯಸ್ಸಾದ ಸಾಹೇಬರು. ಬಿಳಿ ಗಡ್ಡ, ಎರಡು ಕಾಲಲ್ಲೂ ಗಾಳಿ ತುಳಿಯುವ ಕಾಲುಪೇಟಿ. ಕರಿ ಒಂದು ಬಿಟ್ಟು ಕರಿ ಎರಡು ನೋಡಿದರು, ಬಿಳಿ ನಾಲ್ಕು ನೋಡಿದರು. ಕರಿ ಮೂರು ಒತ್ತಿದಾಗ ನನ್ನ ದನಿ ಸಲೀಸಾಗಿ ಬಾಯಿ ಬಿಟ್ಟಿತು. ಧರ್ಮಶಾಲೆಯ ಮುಂದೆ ಹಾದು ಹೋಗುವವರು ನಿಂತು ಇಣುಕಿದರು.

"ಶಾಬಾಸ್ ಬೇಟಿ! ಇದ ನಿನ್ನ ಮನಿ" ಎಂದರು ಮಾಸ್ತರರು.

ಆದರೆ ಗಂಡನ ಪಾರ್ಟಿನವರಿಗೆ ಸಿಟ್ಟು ಬಂತು. ಎರಡನೆಯ ಅಂಕದಲ್ಲಿ ಅವರದೂ ನನ್ನದೂ ಜೋಡಿ ಹಾಡಿದೆ. ಅವರು ಕರಿ ಒಂದು ಬಿಟ್ಟು ಕದಲುವವರಲ್ಲ. "ನಿನ್ನೆ ಮೊನ್ನೆ ಪಡದಿ ಮುಂದ ಕುಣಿಯಾಕಿ ಸಲುವಾಗಿ ನಾ ಪಟ್ಟಿ ಬದಲಿ ಮಾಡ್ಲೇನು? ಆಗೂದಿಲ್ರಿ ಮಾಸ್ತರ" ಎಂದು ಶಾಲು ಕೊಡವಿ ಎದ್ದರು.

ಮಾಸ್ತರರು ಕೈಕಾಲು ಹಿಡಿದು ಕೂರಿಸಿದರು. ಅವರು ಅವರ ಪಟ್ಟಿಯಲ್ಲಿ ಒಂದು ಸಾಲು ಹಾಡುವುದು, ಪೇಟಿ ನಿಲ್ಲುವುದು, ನಾನು ನನ್ನ ಪಟ್ಟಿಯಲ್ಲಿ ಇನ್ನೊಂದು ಸಾಲು. ಎತ್ತು ಕೋಣ ಜೋಡಿಸಿ ಕಟ್ಟಿದ ಬಂಡಿಯ ಹಾಗೆ ಹಾಡು ಎರಡು ಕಡೆ ಎಳೆಯುತ್ತಿತ್ತು. ಹತ್ತು ಸಲವಾಯಿತು, ಹದಿನೈದು ಸಲವಾಯಿತು. ದಣಿದು ಹೋಗಿದ್ದ ನಾನು ಪೇಟಿ ನಿಲ್ಲುವುದನ್ನೂ ಕಾಯದೆ, ಅವರ ಸಾಲು ಮುಗಿಯುವ ಮುಂಚೆಯೇ ನನ್ನ ಸಾಲು ಎತ್ತಿಕೊಂಡುಬಿಟ್ಟೆ. ಬೈಗುಳಕ್ಕೆ ತಯಾರಾಗಿ ಕಣ್ಣು ಮುಚ್ಚಿದ್ದೆ. ಬೈಗುಳ ಬರಲಿಲ್ಲ. ಎರಡೂ ದನಿ ಒಂದಕ್ಕೊಂದು ತಾಗದೆ, ಬೇರೆಯೂ ಆಗದೆ ನಿಂತಿದ್ದವು. ಮಾಸ್ತರರು ಪೇಟಿ ಬಿಟ್ಟು ಎದ್ದೇ ನಿಂತರು.

"ಅರೆ! ಅವರ ಮಧ್ಯಮ ನಿನ್ನ ಷಡ್ಜ ಆಗೇದ. ಕರಿ ಒಂದರ ಮಧ್ಯಮ ಕರಿ ಮೂರಲ್ಲೇನು? ನಾ ಎಂಥಾ ಗಾಫಿಲ್ ಮನಷ್ಯಾ! ಯಾರೂ ಏನೂ ಬಿಡೂದು ಬ್ಯಾಡ, ಅವರು ಅವರ ಮನ್ಯಾಗ, ನೀ ನಿನ್ನ ಮನ್ಯಾಗ!"

ಗಂಡನ ಪಾರ್ಟಿನವರು ಇನ್ನೊಮ್ಮೆ ಹಾಡಿ ನೋಡಿದರು. ಮತ್ತೊಮ್ಮೆ ಹಾಡಿದರು. ಮೂರನೆಯ ಸಲ ಅವರ ತುಟಿಯ ಕೊನೆಯಲ್ಲಿ ನಗು ಇತ್ತು, ನನಗೆ ಕಾಣಬಾರದೆಂದು ಶಾಲಿನಲ್ಲಿ ಮುಚ್ಚಿಕೊಂಡರು. ನನಗಂತೂ ಅಂಗಳದ ತುಂಬ ಕುಣಿಯಬೇಕೆನ್ನಿಸಿತು. ಕುಣಿದೆನೆಂದೇ ನೆನಪು.

ಮೂರನೆಯ ದಿನ ಶಹಾಪುರದ ಸಂತೆ. ಸಂತೆಗೆ ಅವ್ವ ಬಂದಿದ್ದಳು. ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು. ಬುತ್ತಿ ಬಿಚ್ಚಿ ರೊಟ್ಟಿ, ಪುಂಡಿಪಲ್ಯ ಕೈಗಿಟ್ಟು ನನ್ನ ಗಲ್ಲ ಹಿಂಡಿದಳು.

"ಸುರಪುರಕ್ಕ ಕೇರಿ ಮಂದಿ ಎಲ್ಲಾ ಬರ್ತೀವಿ. ಹೊತ್ತಿದ್ದಂಗ ಬಂದು ಹಿಂದ ಜಾಗ ಹಿಡಿತೀವಿ. ನೀ ಜೋರ ಹಾಡವಾ, ಕೇಳಿದ್ರ ಸಾಕು."

ರೊಟ್ಟಿ ಬಾಯಲ್ಲೇ ಉಳಿಯಿತು. ಜೋಳದ ದಂಟಿನ ಪೆಟ್ಟು ತಿಂದು ನಾನು ಕಲಿತದ್ದೇನು? ಮುಖವನ್ನು ಮುಂದಕ್ಕಿಡುವುದು, ದನಿಯನ್ನು ಮುಂದಿನ ಕೊನೆಯ ಕಂಬಕ್ಕೆ ಎಸೆಯುವುದು. ಹಾಗೆ ಹಾಡಿದರೆ ಹಿಂದೆ ಕೂತವರಿಗೆ ಎಷ್ಟು ಮುಟ್ಟುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಕಂಬಳಿಯೊಳಗಿಂದ ಹಾಡಿದ ಹಾಗೆ ಕೇಳುತ್ತದೆ. ನಾನು ಪಾರ್ಟನ್ನು ಎಷ್ಟು ಸರಿಯಾಗಿ ಮಾಡಿದರೆ ಅವ್ವನಿಗೆ ಅಷ್ಟು ಕಡಿಮೆ ಕೇಳುತ್ತದೆ. ಅವಳು ಸಂತೆಯ ಗದ್ದಲದಲ್ಲಿ ಸೇಂಗಾ ಬುಟ್ಟಿ ಹೊತ್ತು ಹೋದಳು. ನನಗೆ ಬಂದದ್ದು ದುಃಖವಲ್ಲ, ಸಿಟ್ಟು.

ಸುರಪುರದಲ್ಲಿ ಗುಡ್ಡದ ಬುಡದ ಬಯಲಿನಲ್ಲಿ ತಂಬು ಎದ್ದಿತು. ಆಟದ ದಿನ ಬೆಳಿಗ್ಗೆ ತಹಸೀಲ ಕಚೇರಿಯ ಗುಮಾಸ್ತರು ಪರವಾನಗಿ ತಂದು, ಮಾಲಕರ ಮುಂದೆ ಓದಿ ಹೇಳಿದರು. ಬೆಂಕಿಯ ಎಚ್ಚರಿಕೆ, ಆಟ ಮುಗಿಸುವ ಹೊತ್ತು, ಮತ್ತೆ ಹೊಸ ಕಾನೂನಿನ ಪ್ರಕಾರ ಯಾವ ಜಾತಿಯವರನ್ನೂ ಹೊರಗಿಡಬಾರದು, ಬೇರೆ ಕೂರಿಸಬಾರದು. "ಹೌದ್ರಿ, ಹೌದ್ರಿ" ಎಂದು ಮಾಲಕರು ಕಾಗದ ಮಡಿಚಿ ಕಿಸೆಗಿಟ್ಟರು. ಗುಮಾಸ್ತರು ಹೋದರು. ಆಳುಗಳು ಎಂದಿನಂತೆ ತಂಬಿನ ಹಿಂದೆ ಕಲ್ಲು ಆರಿಸಿ, ಕೇರಿಯವರು ಕೂರುವ ಜಾಗ ಗುಡಿಸತೊಡಗಿದರು.

ನಾನು ಮಾಲಕರ ಎದುರು ಹೋಗಿ ನಿಂತೆ.

"ಮಾಲಕರ, ಇವತ್ತ ನಮ್ಮ ಮಂದಿ ಒಳಗ ಕುಂದ್ರಬೇಕು."

"ಏನು?"

"ಟಿಕೀಟ ತಗೊಂಡು, ಬಾಗಲದಾಗ ಹಾದು, ಎಲ್ಲಾರಂಗ. ನಮ್ಮವ್ವ ಹೆಣ್ಮಕ್ಕಳ ಕಡಿ, ಗಂಡಸರು ಗಂಡಸರ ಕಡಿ."

ಮಾಲಕರು ಕೆಟ್ಟವರಲ್ಲ, ಪುಕ್ಕಲರು. ಸುತ್ತ ನೋಡಿ ದನಿ ತಗ್ಗಿಸಿದರು. "ಹುಚ್ಚಿ ಅದೀಯೇನು? ಮುಂದಿನ ಚಾಪಿ ದೊಡ್ಡಮನಿ ಮಂದಿ ಎದ್ದು ಹೊಂಟ ಹೋಗ್ತಾರ."

"ಹೋಗ್ಲಿರಿ."

"ಹೋಗ್ಲಿ ಅಂದ್ರ? ನಮ್ಮ ಆಟ ಎತ್ತಿ ಹಿಡಿಯೋರ ಅವರು. ಒನ್ಸ್ ಮೋರ್ ಅನ್ನೋರು ಅವರು. ಅವರು ಎದ್ದು ಹೋದ್ರ ನಿನ್ನ ಪಾರ್ಟ ಬಿತ್ತು ಅಂತನ ಅರ್ಥ. ಗದಗಿನಾವ ಬರ್ತಾನ, ನೀ ಪಡದಿ ಮುಂದ. ತಿಳಿತಿಲ್ಲ?"

"ತಿಳಿತ್ರಿ. ನೀವಽ ಹೇಳ್ರಿ. ಹಿಂದ ತಿರಗಿ ಹಾಡಿದ್ರ ನೀವು ಬೈತೀರಿ. ಮುಂದ ಹಾಡಿದ್ರ ನಮ್ಮವ್ವಗ ಕೇಳಸೂದಿಲ್ಲ. ನಾ ತಿರಗೂದಿಲ್ರಿ, ಹಿಂದಿನವರನ್ನ ಮುಂದ ತರ್ರಿ. ನಿಮ್ಮ ಕಿಸೇದಾಗ ಸರಕಾರದ ಕಾಗದನೂ ಅದ. ಇಲ್ಲಾಂದ್ರ ನಾ ಬಣ್ಣ ಹಚ್ಚೂದಿಲ್ಲ."

ಪೇಟಿ ಮಾಸ್ತರರು ದೂರದಲ್ಲಿ ಕೂತು ಪೇಟಿಯ ಧೂಳು ಒರೆಸುತ್ತಿದ್ದರು. ತಲೆ ಎತ್ತದೆ, "ಇಕಿ ಇಲ್ಲಾಂದ್ರ ಇವತ್ತ ಯಾರಿಗೆ ಸೀರಿ ಉಡಸ್ತೀರಿ ಧಣ್ಯಾರ? ನನಗಽ?" ಎಂದರು. ಮಾಲಕರು ಒಮ್ಮೆ ಅವರ ಗಡ್ಡ ನೋಡಿದರು, ಒಮ್ಮೆ ನನ್ನ ಮುಖ. ಕಿಸೆಯ ಕಾಗದ ತೆಗೆದು ಮತ್ತೊಮ್ಮೆ ಓದಿಕೊಂಡರು. ಬಾಗಿಲು ಕಾಯುವವನನ್ನು ಕರೆದು ಕಿವಿಯಲ್ಲಿ ಏನೋ ಹೇಳಿದರು. ಹಿಂದೆ ಗುಡಿಸುವ ಸದ್ದು ನಿಂತಿತು.

ಇನ್ನೊಂದು ಕೆಲಸ ಉಳಿದಿತ್ತು. ನಾಯಕಿ ವಿಂಗಿನಿಂದ ಬರಲೇಬೇಕಲ್ಲ. ಗಂಡನ ಪಾರ್ಟಿನವರು ದೇವರ ಫೋಟೋವನ್ನು ಈ ವಿಂಗಿನಿಂದ ತೆಗೆದು ಆಚೆ ವಿಂಗಿಗೆ ಸಾಗಿಸಿದರು. ದೇವರಿಗೇನೂ ಬೇಜಾರಾದ ಹಾಗೆ ಕಾಣಲಿಲ್ಲ, ದೀಪ ಮೊದಲಿನಂತೆಯೇ ಉರಿಯಿತು.

ಹೊತ್ತು ಮುಳುಗಿತು. ಗ್ಯಾಸ್‌ಬತ್ತಿಗೆ ಗಾಳಿ ಹೊಡೆಯುವ ಸದ್ದು, ಬಾಗಿಲಲ್ಲಿ ಗದ್ದಲ, ಹಳ್ಳಿಗಳಿಂದ ಬಂದ ದೊಡ್ಡ ಮನೆತನದವರ ಬಂಡಿಗಳು ಸಾಲಾಗಿ ತಂಬಿನ ಹಿಂದಿನ ಬಯಲಿನಲ್ಲಿ ನಿಂತವು. ನಾನು ಸೀರೆ ಉಟ್ಟು, ಮುಖಕ್ಕೆ ಬಣ್ಣ ಹಚ್ಚಿ, ಪಡದೆಯ ತೂತಿನಿಂದ ಇಣುಕಿದೆ. ಕೇರಿಯವರು ಬಂದರು. ಒಬ್ಬರ ಬೆನ್ನಿಗೆ ಒಬ್ಬರು, ತಲೆ ತಗ್ಗಿಸಿಕೊಂಡು, ಯಾರದೋ ಮನೆಗೆ ತಪ್ಪಿ ಬಂದವರ ಹಾಗೆ. ಗಂಡಸರು ಹಿಂದಿನ ಚಾಪೆಯ ಅಂಚಿನಲ್ಲಿ ಕೂತರು. ಅವ್ವ ಹೆಂಗಸರ ಕಡೆ ಹೋಗಿ ನಿಂತಳು. ಅಲ್ಲಿದ್ದ ಒಬ್ಬ ದೊಡ್ಡಮನೆಯ ಹೆಣ್ಣುಮಗಳು ಸೆರಗು ಒಳಕ್ಕೆ ಎಳೆದುಕೊಂಡಳು. ಆದರೆ ಸರಿದು ಜಾಗ ಬಿಟ್ಟಳು.

ನಾಂದಿ ಮುಗಿಯುವ ಮುಂಚೆಯೇ ಮುಂದಿನ ಚಾಪೆಯಲ್ಲಿ ಗುಸುಗುಸು ಎದ್ದಿತು. ಒಬ್ಬರು ಎದ್ದರು. ಅವರ ಹಿಂದೆ ಮೂವರು. ಆಮೇಲೆ ಇಡೀ ಸಾಲು ಪಂಚೆ ಕೊಡವಿಕೊಂಡು ಬಾಗಿಲ ಕಡೆ ನಡೆಯಿತು. ಒಬ್ಬರು ಹೋಗುತ್ತ ಹೆಂಗಸರ ಕಡೆ ತಿರುಗಿ, "ಏಳ್ರಿ, ಮನಿಗೆ ಹೋಗೂನು" ಎಂದು ಗದರಿದರು.

ಸೆರಗು ಎಳೆದುಕೊಂಡಿದ್ದ ಆ ಹೆಣ್ಣುಮಗಳೇ ಕೂತಲ್ಲಿಂದ ಹೇಳಿದಳು: "ನೀವು ಹೋಗ್ರಿ. ಇಷ್ಟ ದೂರ ಬಂದು ನಾಟಕ ನೋಡದ ನಾ ಬರೂದಿಲ್ಲ."

ಯಾವ ಹೆಂಗಸೂ ಏಳಲಿಲ್ಲ. ಹೆಂಡಿರನ್ನು ಬಿಟ್ಟು ಬಂಡಿ ಹೂಡುವಂತಿಲ್ಲ, ಬಂಡಿಯಾಳುಗಳೂ ಒಳಗೆ ಕೂತಿದ್ದರು. ಗಂಡಸರು ಹೊರಗೆ ಹೋಗಿ ತಂಬಿನ ಹಿಂದೆ ತಮ್ಮ ತಮ್ಮ ಬಂಡಿ ಹತ್ತಿ ಕೂತರು. ನನಗೆ ಕಾಣುತ್ತಿದ್ದುದು ಮುಂದಿನ ಖಾಲಿ ಚಾಪೆ ಮಾತ್ರ. ಗದ್ದೆಯ ನಡುವೆ ಬೆಳೆ ಬಾರದ ಮಡಿಯ ಹಾಗೆ ಬೋಳಾಗಿತ್ತು. ಮಾಲಕರು ವಿಂಗಿನಲ್ಲಿ ಬಂದು ನಿಂತು, "ಮುಗೀತು, ನೋಡಿದಿಲ್ಲ?" ಎಂದರು.

ಆ ಹೊತ್ತಿಗೆ ಮಾಸ್ತರರು ಕರಿ ಮೂರು ಒತ್ತಿದರು. ಕಂಪನಿಯ ರೂಢಿಯಂತೆ ನಾಯಕಿ ಕಾಣುವ ಮುಂಚೆ ಅವಳ ಆಲಾಪ ಕೇಳಬೇಕು. ವಿಂಗಿನೊಳಗಿಂದಲೇ ದನಿ ತೆಗೆದೆ. ಹೊರಗಿನ ಗದ್ದಲ ತಣ್ಣಗಾಯಿತು. ಹೆಜ್ಜೆ ಇಟ್ಟು ಎರಡು ಬತ್ತಿಗಳ ನಡುವಿನ ಮೊಳ ಜಾಗದಲ್ಲಿ ನಿಂತೆ. ಬೆಳಕು ಕಣ್ಣಿಗೆ ಹೊಡೆಯಿತು, ಬೆಳಕಿನ ಆಚೆ ಅವ್ವನ ಮುಖ ಕಂಡಿತು. ಅವಳು ಬಾಯಿಯ ಮೇಲೆ ಕೈ ಇಟ್ಟುಕೊಂಡಿದ್ದಳು. ಬಣ್ಣದ ಪಡದೆ, ಪಡಸಾಲೆಯ ಕಂಬ, ದೀಪ, ಮಗಳು, ಎಲ್ಲವನ್ನೂ ಜೀವಮಾನದಲ್ಲಿ ಮೊದಲ ಸಲ ಒಟ್ಟಿಗೆ ನೋಡುತ್ತಿದ್ದಳು. ಆ ಗಳಿಗೆಗೆ ನನ್ನ ಹೆದರಿಕೆಯೆಲ್ಲ ಹಾರಿಹೋಯಿತು. ಮೈಯಲ್ಲಿ ಏನು ಹುರುಪು! ಮಾತಿಗೆ ಮಾತು ಕೂಡಿಕೊಂಡು ಹೋಯಿತು. ಜೋಡಿ ಹಾಡಿನಲ್ಲಿ ಗಂಡನ ಪಾರ್ಟಿನವರು ಅವರ ಮನೆಯಲ್ಲಿ, ನಾನು ನನ್ನ ಮನೆಯಲ್ಲಿ. ಹಾಡು ಮುಗಿದಾಗ ಅವರು ಪಾರ್ಟಿನಲ್ಲಿಲ್ಲದ ಒಂದು "ವ್ಹಾ" ಸೇರಿಸಿದರು.

ಮೂರನೆಯ ಅಂಕ. ಅಣ್ಣ ಬಾಗಿಲು ಹಾಕಿದ. ನಾನು ಕದದ ಮುಂದೆ ಕೂತು ಭೀಮಪಲಾಸದಲ್ಲಿ ಎತ್ತಿಕೊಂಡೆ: "ಅಣ್ಣಯ್ಯಾ, ನಿನ್ನಂಗಳದ ನೀರು ನನಗೇಕೆ ದೂರ?" ಎಷ್ಟೋ ವರ್ಷ ಆ ಸಾಲನ್ನು ಗಂಡಸಿನ ಬಾಯಲ್ಲಿ ಕೇಳಿದ್ದೆ. ನನ್ನ ಬಾಯಲ್ಲಿ ಬಂದಾಗ ಅದು ನಾಟಕದ ಮಾತಾಗಿ ಉಳಿಯಲಿಲ್ಲ. ಕೊನೆಯ ಕಂಬಕ್ಕೆ ಎಸೆದೆ, ಕಂಬ ದಾಟಿ ಹೋಯಿತು. ಮೇಲಿನ ಷಡ್ಜದಲ್ಲಿ ನಿಂತು ಉಸಿರು ಮುಗಿಯುವ ತನಕ ಹಿಡಿದೆ, ಇಳಿದೆ, ಮುಗಿಸಿದೆ.

ಸದ್ದಿಲ್ಲ.

ಚಪ್ಪಾಳೆ ಇಲ್ಲ, ಒನ್ಸ್ ಮೋರ್ ಇಲ್ಲ, ಕೆಮ್ಮೂ ಇಲ್ಲ. ಹಾಡು ಗೆದ್ದರೆ ಮಂದಿ ಒನ್ಸ್ ಮೋರ್ ಎಂದು ಕೂಗಲೇಬೇಕು, ಕೂಗಿದರೆ ನಾಯಕಿ ಮತ್ತೆ ಹಾಡಲೇಬೇಕು. ಕೂಗಲಿಲ್ಲವೆಂದರೆ ಹಾಡು ಬಿತ್ತು. ವಿಂಗಿನಲ್ಲಿ ಮಾಲಕರು ಕಣ್ಣು ಮುಚ್ಚಿಕೊಂಡದ್ದು ಕಂಡಿತು. ನನಗೆ ಆಗ ಹೊಳೆಯಿತು, ನಮ್ಮ ಮಂದಿಗೆ ಕೂಗುವ ರೂಢಿಯೇ ಇಲ್ಲ. ತಂಬಿನ ಹಿಂದೆ ಕೂತವರು ಸೊಲ್ಲೆತ್ತಿದರೆ ಅಲ್ಲಿಂದಲೂ ಎಬ್ಬಿಸುತ್ತಿದ್ದರು. ಉಸಿರು ಬಿಗಿಹಿಡಿದು ಕೇಳುವುದೇ ಅವರಿಗೆ ಗೊತ್ತಿದ್ದ ಮರ್ಯಾದೆ. ಅವರು ನನಗೆ ಆ ಮರ್ಯಾದೆಯನ್ನೇ ಕೊಡುತ್ತಿದ್ದರು. ಅದೇ ನನ್ನ ಪಾರ್ಟು ಕಸಿಯುತ್ತಿತ್ತು.

ಅಷ್ಟರಲ್ಲಿ ನನ್ನ ಬೆನ್ನ ಹಿಂದಿನಿಂದ, ತಂಬಿನ ಬಟ್ಟೆಯ ಆಚೆಯಿಂದ ಒಂದು ಗಡಸು ದನಿ ಬಂತು.

"ಒನ್ಸ್ ಮೋರ್!"

ಅದರ ಬೆನ್ನಿಗೆ ಇನ್ನೆರಡು. "ಒನ್ಸ್ ಮೋರ್! ಒನ್ಸ್ ಮೋರ್!" ಬಂಡಿ ಬಿಟ್ಟು ಇಳಿದು ಬಂದು ಬಟ್ಟೆಗೆ ಕಿವಿ ಹಚ್ಚಿ ನಿಂತಿದ್ದರು, ಎದ್ದು ಹೋದವರು! ತಂಬಿನೊಳಗೆ ನಗು ಭುಗಿಲೆಂದಿತು, ಮೊದಲು ಹೆಂಗಸರ ಕಡೆಯಿಂದ. ಮಾಲಕರು ಕಣ್ಣು ತೆರೆದರು. ಮಾಸ್ತರರು ಪೇಟಿಯ ಮೇಲೆ ಕೈ ಇಟ್ಟು, ಹಲ್ಲು ಕಾಣುವಂತೆ ನಗುತ್ತ ನನ್ನನ್ನು ನೋಡಿದರು. ನಾನು ಬಾಯಿ ತೆರೆಯುವುದರೊಳಗೆ ಹಿಂದಿನಿಂದ ಮತ್ತೆ ಕೂಗು:

"ಏ ತಂಗೀ, ಸರಿ ಕೇಳಸವಲ್ದು! ಜರಾ ಈ ಕಡಿ ತಿರಗಿ ಹಾಡವಾ!"

ನಾನು ತಿರುಗಲಿಲ್ಲ. ಎರಡು ಬತ್ತಿಗಳ ನಡುವೆ, ಮುಖ ಮುಂದಕ್ಕಿಟ್ಟು ಹಾಡಿದೆ. ಬಾಗಿಲು ತೆರೆದೇ ಇತ್ತು, ಬೇಕಾದವರು ಒಳಗೆ ಬರಬಹುದಿತ್ತು. ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಇಬ್ಬರು ಬಂದರು ಕೂಡ, ಬಗ್ಗಿ, ಯಾರ ಮುಖವನ್ನೂ ನೋಡದೆ, ಖಾಲಿ ಚಾಪೆಯ ಮೇಲೆ ಕೂತರು. ಉಳಿದವರು ಬರಲಿಲ್ಲ. "ಗದಗಿನವಗ ಬರಬ್ಯಾಡ ಅಂತ ನಾಳಿ ಮುಂಜಾನಿ ಬರದುಬಿಡು" ಎಂದು ಮಾಲಕರು ಪ್ರಾಂಪ್ಟರಿಗೆ ಹೇಳುತ್ತಿದ್ದುದು ಹಾಡಿನ ನಡುವೆಯೇ ನನ್ನ ಕಿವಿಗೆ ಬಿತ್ತು.

ಮುಗಿಸಿದೆ. ಈ ಸಲ ಸದ್ದಿಲ್ಲದೆ ಇರಲಿಲ್ಲ. ಹೆಂಗಸರ ಕಡೆ ಯಾರೋ ಎದ್ದು ನಿಂತಿದ್ದರು. ಅವ್ವ. ಹುಟ್ಟಿದಾಗಿನಿಂದ ನಾಟಕ ಕೇಳಿದವಳು, ಒಂದು ಸಲವೂ ದನಿ ಎತ್ತದವಳು, ಹೊಲದ ಆ ಬದುವಿನಿಂದ ಈ ಬದುವಿಗೆ ಕೂಗುವ ದನಿಯಲ್ಲಿ ಕೂಗಿದಳು.

"ಇನ್ನೊಮ್ಮಿ ಹಾಡ!"

ಒಂದೇ ಹಾಡನ್ನು ಎರಡು ಸಲಕ್ಕಿಂತ ಹೆಚ್ಚು ಹಾಡುವುದು ಕಂಪನಿಯಲ್ಲಿ ಇರಲಿಲ್ಲ. ಮಾಸ್ತರರು ಮಾಲಕರ ಕಡೆ ನೋಡಲೂ ಇಲ್ಲ, ಪೇಟಿ ತುಳಿಯತೊಡಗಿದರು. ನಾನು ಮೂರನೆಯ ಸಲ ಎತ್ತಿಕೊಂಡೆ.